ಯೂಸ್ಟೇಸ್ ಪೊರ್ಬುಗಳ ಕಾಂಬಿನೇಶನ್

ಮದುವೆಗೆ ಮುಂಚಿನ ದಿನದ ರೋಸಿನ ಸಂಜೆ ಮದುಮಗಳ ನೆತ್ತಿಯ ಮೇಲೆ ತೆಂಗಿನಹಾಲು ಸುರಿಯುವ ಕೆಲಸವನ್ನು ಮಂಗಳೂರಿನ ಕೊಂಕಣಿ ಕ್ರೈಸ್ತರು ಯಾವ ಕಾರಣಕ್ಕೂ ನಡುವೆ ನಿಲ್ಲಿಸುವುದಿಲ್ಲ. ಕರೆಂಟು ಹೋದರೆ ಮೊಬೈಲ್ ಟಾರ್ಚ್ ಹಿಡಿದು ಸುರಿಯುತ್ತಾರೆ. ಮದುಮಗಳು ಚಳಿಗೆ ನಡುಗಿದರೆ ಇನ್ನೂ ಸ್ವಲ್ಪ ಹೆಚ್ಚಿಗೆ ಸುರಿಯುತ್ತಾರೆ. ಅಂಥ ತೆಂಗಿನಹಾಲು ಲಯನೆಲ್ ಗುರ್ಕಾರರ ಮಗಳ ರೋಸಿನಲ್ಲಿ ಬಟ್ಟಲಿನ ಅಂಚಿನವರೆಗೆ ಬಂದು ನಿಂತುಬಿಟ್ಟಿತು. ನಿಲ್ಲಿಸಿದವರು ಯೂಸ್ಟೇಸ್ ಪೊರ್ಬುಗಳು. ಅದಕ್ಕೆ ಅವರು ಬಳಸಿದ್ದು ಒಂದೇ ಒಂದು ಪದ.

ಪೊರ್ಬುಗಳು ಎಂದರೆ ಊರಿನ ತುಳುವರು ಕ್ರೈಸ್ತ ಗಂಡಸರಿಗೆ ಕೊಡುವ ಮರ್ಯಾದೆ. ಯೂಸ್ಟೇಸರಿಗೆ ಅದನ್ನು ಬಿಟ್ಟು ಬೇರೆ ಮರ್ಯಾದೆ ಅಷ್ಟೇನೂ ಉಳಿದಿರಲಿಲ್ಲ. ಆಯುಷ್ಯದ ಅರ್ಧ ಭಾಗವನ್ನು ಬಹ್ರೈನಿನ ಒಂದು ಟೈಲ್ಸ್ ಗೋಡೌನಿನಲ್ಲಿ ಕಳೆದು, ಯಾವ ಟೈಲು ಯಾವ ಕಪಾಟಿನಲ್ಲಿ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಪಳಗಿ, ಕೊನೆಗೆ ಕೊಡಿಯಾಲ್‌ಬೈಲಿನ ಫ್ಲ್ಯಾಟಿಗೆ ಬಂದು ಕೂತ ಮೇಲೆ ಅವರಿಗೆ ಗೊತ್ತಾದದ್ದು, ಇಡೀ ಮಂಗಳೂರಿಗೆ ತನ್ನಲ್ಲಿ ಕೇಳಲಿಕ್ಕೆ ಇರುವುದು ಒಂದೇ ಪ್ರಶ್ನೆ ಎಂದು: ಈಗ ಎಂತ ಮಾಡ್ತಾ ಇದ್ದೀರಿ? ಮೊದಲು ಅವರು ಆಂಥೂರಿಯಂ ಬೆಳೆಸುತ್ತೇನೆ ಎಂದರು. ಆಂಥೂರಿಯಂ ಸತ್ತಿತು. ಅಣಬೆ ಎಂದರು. ಅಣಬೆ ಬದುಕಿತು, ಆದರೆ ಅದು ಸೋಫಾದ ಅಡಿಯಲ್ಲಿ. ಆಮೇಲೆ ಗಿಟಾರ್ ಎಂದರು, ಅದಕ್ಕೆ ಅಪಾರ್ಟ್‌ಮೆಂಟಿನವರ ಸಭೆಯೇ ನಡೆಯಿತು.

ಆ ರೋಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಹೆಂಡತಿಯ ಕಡೆಯ ಪಿಯುಸ್. ಕುವೈಟ್ ಬಿಟ್ಟು ಬಂದ ಪಿಯುಸ್ ಈ ವಯಸ್ಸಿನಲ್ಲಿ ಕಾನೂನು ಓದುತ್ತಿದ್ದಾರೆ ಎಂಬುದನ್ನು ಪಿಯುಸರೇ ಅದುವರೆಗೆ ಎಲ್ಲ ಕುರ್ಚಿಗಳಿಗೂ ತಿಳಿಸಿ ಬಂದಿದ್ದರು. ನೀವೀಗ ಎಂತ ಮಾಡ್ತಾ ಇದ್ದೀರಿ ಎಂದು ಅವರು ಯೂಸ್ಟೇಸರನ್ನೂ ಕೇಳಿದರು. ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಸರದಿ ಕಾಯುವಾಗ ಮೊಬೈಲಿನಲ್ಲಿ ಓದಿದ ಒಂದು ಲೇಖನ ಅವರ ನಾಲಿಗೆಯ ಮೇಲೆ ತಾನಾಗಿ ಬಂದು ಕೂತಿತು.

"ನಾನೂ ಓದ್ತಾ ಇದ್ದೇನೆ," ಎಂದರು.

"ಎಂತ?"

"ಅಕಲ್ಟ್. ನಿಗೂಢ ವಿದ್ಯೆ."

ಹೆಂಗಸರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಉಸಿರು ತೆಗೆದುಕೊಳ್ಳುತ್ತಿದ್ದ ಗಳಿಗೆ ಅದು. ಸಭಾಂಗಣದ ಕೊನೆಯ ಸಾಲಿನವರೆಗೂ ಆ ಮಾತು ಸ್ಪಷ್ಟವಾಗಿ ಹೋಗಿ ತಲುಪಿತು. ಗುರ್ಕಾರರ ಹೆಂಡತಿಯ ಕೈಯ ಬಟ್ಟಲು ಮಗಳ ತಲೆಯ ಮೇಲೆ ಹಾಗೆಯೇ ನಿಂತಿತು. ಇಗರ್ಜಿಯ, ಎಂದರೆ ಚರ್ಚಿನ, ಪರವಾಗಿ ಇಡೀ ವಾರ್ಡಿನ ಭಕ್ತಿಯನ್ನು ನೋಡಿಕೊಳ್ಳುವ ಜವಾಬ್ದಾರಿ ಹೊತ್ತ ಲಯನೆಲ್ ಗುರ್ಕಾರರು, ಕೈಯಲ್ಲಿದ್ದ ಗ್ಲಾಸನ್ನು ಬೆನ್ನ ಹಿಂದೆ ಅಡಗಿಸಿ, ಶಿಲುಬೆಯ ಗುರುತು ಹಾಕಿಕೊಂಡರು.

ಯೂಸ್ಟೇಸರ ಹೆಂಡತಿ ಮಗ್ದಲೀನ್ ಬಾಯಿ ಹೈಸ್ಕೂಲಿನ ಟೀಚರು. ಉಸಿರು ತೆಗೆಯದೆ ಇಡೀ ಪೀರಿಯಡ್ ಮಾತಾಡಬಲ್ಲವರು. ಅಂಥವರು ಮನೆಗೆ ಮರಳುವಾಗ ಆಟೋದಲ್ಲಿ ಒಂದೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಮಾತಾಡಿದ್ದು ದೇವರ ಪೀಠದ ಜೊತೆ. ಗಂಡನ ಹೆಸರನ್ನು ಅವರು ಯಾವತ್ತೂ ಹಿಡಿದು ಕರೆದವರಲ್ಲ. "ಆಯ್ಕಲೆಂಗೀ," ಕೇಳಿದಿರಾ, ಎಂದೇ ಅವರ ಸಂಸಾರ ನಡೆದದ್ದು. ಆ ಸಂಜೆ ಅದೂ ಇಲ್ಲ. ಪೀಠದ ಮೇಲಿನ ಮಾತೆಗೆ ಅವರು ತಿಳಿಸಿದ ವಿಷಯದ ಸಾರಾಂಶ ಇಷ್ಟು: ಕಿರಿಯ ಮಗಳು ಶೆರಿಲ್‌ಗೆ ರೂಬನ್ ಎಂಬ ಒಳ್ಳೆಯ ಹುಡುಗ ಸಿಕ್ಕಿದ್ದಾನೆ. ಮೂರು ವಾರ ಬಿಟ್ಟು ಭಾನುವಾರ ಅವನ ಮನೆಯವರು ನೋಡಲಿಕ್ಕೆ ಬರುತ್ತಾರೆ. ಅವನ ತಾಯಿ ಸೆವ್ರಿನ್ ಬಾಯಿ ತಮ್ಮ ಇಗರ್ಜಿಯ ಮಹಿಳಾ ಸಂಘಟನೆಯ ಅಧ್ಯಕ್ಷೆ. ಈ ಮನುಷ್ಯನ ಮುಖವನ್ನು ಅವರು ಪುಣ್ಯಕ್ಕೆ ಇನ್ನೂ ನೋಡಿಲ್ಲ.

ಯೂಸ್ಟೇಸರು ಪೀಠದ ಕಡೆಗೆ ತಿರುಗಿ, ತಾನು ಹೇಳಿದ್ದು ಬಾಯಿತಪ್ಪಿ, ಎಂದು ಸಮಜಾಯಿಷಿ ಕೊಡುವವರಿದ್ದರು. ಆದರೆ ಕೊಡಲಿಲ್ಲ. ಯಾಕೆಂದರೆ, ಊರಿಗೆ ಬಂದ ಮೇಲೆ ಅವರು ಹೇಳಿದ ಒಂದು ಮಾತಿಗೆ ಜನ ಬೆಚ್ಚಿಬಿದ್ದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಎದುರು ಮನೆಯ ಮೂಸಬ್ಬ ಸಿಕ್ಕಿದರು. ಬಂದರಿನಲ್ಲಿ ಪ್ಲೈವುಡ್ ವ್ಯಾಪಾರದ ಬ್ಯಾರಿ ಮುಸಲ್ಮಾನರು. ರೋಸಿನ ಗೇಟಿನಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಆಟೋದವನು ವಾಚ್‌ಮನ್ನನಿಗೆ, ವಾಚ್‌ಮನ್ ಮೂಸಬ್ಬರ ಹೆಂಡತಿ ಮುಮ್ತಾಝ್‌ಗೆ ಹೇಳಿ ಸುದ್ದಿ ಆಗಲೇ ಮೇಲೆ ಬಂದಿತ್ತು. ಮೂಸಬ್ಬ ಲಿಫ್ಟಿನ ಇನ್ನೊಂದು ಮೂಲೆಗೆ ಸರಿದು, ನಾಲ್ಕು ಮಹಡಿ ಇಳಿಯುವವರೆಗೂ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡರು. ಕೆಳಗೆ ಬಾಗಿಲು ತೆರೆದಾಗ ಮಾತ್ರ ಅವರಿಗೆ ತಡೆಯಲಿಕ್ಕೆ ಆಗಲಿಲ್ಲ.

"ಅಲ್ಲ ಪೊರ್ಬುಲೆ, ಕಾಂಬಿನೇಶನ್ ಎಂತ ತಕೊಂಡದ್ದು?"

ಇದು ಕೊಡಿಯಾಲ್‌ಬೈಲಿನಲ್ಲಿ ಮಾತ್ರ ಹುಟ್ಟಬಹುದಾದ ಪ್ರಶ್ನೆ. ಅಲ್ಲಿ ಕಿಟಕಿ ತೆರೆದರೆ ಒಂದು ಕಾಲೇಜು, ಮುಚ್ಚಿದರೆ ಒಂದು ಕೋಚಿಂಗ್ ಸೆಂಟರು. ಮೂಸಬ್ಬರ ಮಗಳು ಝಹ್ರಾ ದ್ವಿತೀಯ ಪಿಯುಸಿ. ಅವಳ ದೆಸೆಯಿಂದ ಮೂಸಬ್ಬರಿಗೆ ಯಾವ ವಿಷಯದ ಜೊತೆ ಯಾವ ವಿಷಯ ಹೋಗುತ್ತದೆ, ಯಾವುದನ್ನು ಬಿಟ್ಟರೆ ಯಾವ ಸೀಟು ಕೈತಪ್ಪುತ್ತದೆ ಎಂಬುದು ಪ್ಲೈವುಡ್ಡಿಗಿಂತ ಚೆನ್ನಾಗಿ ತಿಳಿದಿತ್ತು. ಮಾಟಮಂತ್ರ ತಮ್ಮಲ್ಲಿ ಹರಾಮ್, ಅದರ ಬಗ್ಗೆ ತಾನು ಮಾತೇ ಆಡುವುದಿಲ್ಲ, ಎಂದು ಅವರು ಮೊದಲೇ ಸ್ಪಷ್ಟ ಮಾಡಿದರು. ಆದರೆ ಮೇನ್ ಸಬ್ಜೆಕ್ಟ್ ಒಂದನ್ನೇ ನಂಬಿ ಓದಲಿಕ್ಕೆ ಹೊರಟ ಮನುಷ್ಯನನ್ನು ನೋಡಿ ಸುಮ್ಮನಿರುವುದು ಅವರಿಂದಾಗದು.

"ಸಪೋರ್ಟಿಗೆ ಎಂತ ಉಂಟು ಅದನ್ನು ನೋಡಿ ಮಾರಾಯ್ರೆ. ಸಪೋರ್ಟ್ ಇಲ್ಲದಿದ್ದರೆ ಮೇನ್ ಮಲಗ್ತದೆ. ನಮ್ಮ ಝಹ್ರಾನನ್ನು ಕೇಳಿ."

ಯೂಸ್ಟೇಸರು ತಬ್ಬಿಬ್ಬಾದರು. ವಿದ್ಯೆಯ ಹೆಸರು ಹೇಳಿದರೆ ಸಾಕು ಎಂದುಕೊಂಡಿದ್ದರು, ಅದರೊಳಗೆ ಇಷ್ಟೆಲ್ಲ ಉಂಟೆಂದು ಅವರಿಗೆ ಗೊತ್ತಿರಲಿಲ್ಲ. ಪಾರ್ಕಿಂಗಿನಲ್ಲಿ ಮೂಸಬ್ಬರ ಕಾರಿನ ಬಾನೆಟ್ಟಿಗೆ ಒರಗಿ ಇಬ್ಬರೂ ಆ ಲೇಖನವನ್ನು ಮೊಬೈಲಿನಲ್ಲಿ ಮತ್ತೆ ತೆರೆದರು. ನಿಜಕ್ಕೂ ಅದರಲ್ಲಿ ಹಾಗೆಯೇ ಇತ್ತು: ಮೊದಲು ನಿಮ್ಮ ಮಾರ್ಗವನ್ನು ಆರಿಸಿಕೊಳ್ಳಿ, ಆಮೇಲೆ ಅದಕ್ಕೆ ಆಧಾರವಾಗುವ ವಿಷಯಗಳನ್ನು ಶ್ರದ್ಧೆಯಿಂದ ಓದಿ.

ಹಸ್ತರೇಖೆಯ ಮಾರ್ಗ ಮೊದಲು ಬಿತ್ತು. ಹೆಂಗಸರ ಕೈ ಹಿಡಿಯಬೇಕಾಗುತ್ತದೆ, ಆಗ ಮಗ್ದಲೀನ್ ಬಾಯಿ ನಿಮ್ಮ ಕೈ ಮುರಿಯುತ್ತಾರೆ, ಎಂದು ಮೂಸಬ್ಬ ಭವಿಷ್ಯ ನುಡಿದರು. ಜ್ಯೋತಿಷ್ಯಕ್ಕೆ ಗಣಿತ ಬೇಕು. ಗಣಿತ ಯೂಸ್ಟೇಸರನ್ನು ಎಸ್ಸೆಸ್ಸೆಲ್ಸಿಯಲ್ಲೇ ಬೀಳ್ಕೊಟ್ಟಿತ್ತು. ಆತ್ಮಗಳನ್ನು ಕರೆಯುವುದಕ್ಕೆ ಪೂರ್ತಿ ಕತ್ತಲು ಬೇಕಂತೆ, ಆದರೆ ಎದುರಿನ ಕೋಚಿಂಗ್ ಸೆಂಟರಿನ ಬೋರ್ಡು ಅವರ ಹಾಲಿಗೆ ಬೀರುವ ಬೆಳಕಿನಲ್ಲಿ ಯಾವ ಮರ್ಯಾದಸ್ಥ ಆತ್ಮವೂ ಬರುವ ಹಾಗಿರಲಿಲ್ಲ. ಉಳಿದದ್ದು ಉಂಗುರ. ಒಂದು ಉಂಗುರಕ್ಕೆ ದಾರ ಕಟ್ಟಿ ಇಳಿಬಿಟ್ಟು ಪ್ರಶ್ನೆ ಕೇಳುವುದು. ನೇರ ತೂಗಿದರೆ ಹೌದು, ಸುತ್ತು ಹಾಕಿದರೆ ಅಲ್ಲ. ಉಂಟು, ಇಲ್ಲ, ಇಷ್ಟರಲ್ಲೇ ಗೋಡೌನು ನೋಡಿಕೊಂಡ ಮನುಷ್ಯನಿಗೆ ಇದು ಹಿಡಿಸಿತು.

ಉಂಗುರದ ಮಾರ್ಗಕ್ಕೆ ಆಧಾರ ವಿಷಯಗಳು ಮೂರು ಎಂದು ಲೇಖನ ಹೇಳಿತು. ಮೊದಲನೆಯದು ಗಾಳಿಯ ಚಲನೆ. ಇದು ಫಿಸಿಕ್ಸ್, ಎಂದು ಯೂಸ್ಟೇಸರು ಅಲ್ಲೇ ಬಿಟ್ಟರು. ಎರಡನೆಯದು ಸ್ವಂತ ಕುಟುಂಬದ ಬೇರುಗಳು. ನನ್ನ ಮನೆಯವರು ನನಗೆ ಗೊತ್ತಿಲ್ಲವಾ, ಎಂದು ಅದನ್ನೂ ಬಿಟ್ಟರು. ಮೂರನೆಯದು ಮನುಷ್ಯ ಸ್ವಭಾವ. ಅದು ಗಲ್ಫಿನಲ್ಲೇ ಮುಗಿದಿದೆ, ಎಂದರು. ಹೀಗೆ ಪಾರ್ಕಿಂಗಿನಿಂದ ಮೇಲೆ ಹೋಗುವುದರೊಳಗೆ ಅವರ ವಿದ್ಯಾಭ್ಯಾಸ ಹೆಚ್ಚುಕಡಿಮೆ ಪೂರ್ತಿಯಾಗಿತ್ತು. ಇಷ್ಟು ಬೇಗ ಎರಡು ಸಬ್ಜೆಕ್ಟ್ ಬಿಡುವ ವಿದ್ಯಾರ್ಥಿಯನ್ನು ಮೂಸಬ್ಬ ಎಲ್ಲೂ ಕಂಡಿರಲಿಲ್ಲ.

ಪ್ರೀತಿಯ ವ್ಯಕ್ತಿಯೊಬ್ಬರು ಬಹುಕಾಲ ಧರಿಸಿದ ಉಂಗುರ ಶ್ರೇಷ್ಠವಂತೆ. ಮಗ್ದಲೀನ್ ಬಾಯಿಯ ಬೆರಳು ಊದಿಕೊಂಡ ಮೇಲೆ ಅವರ ಮದುವೆಯ ಉಂಗುರ ಪೀಠದ ಕೆಳಗಿನ ಡ್ರಾವರಿನಲ್ಲಿ ಇರುತ್ತಿತ್ತು. ಸಂಜೆ ಜಪಸರದ ಹೊತ್ತಿಗೆ ಹೆಂಡತಿ ಕಣ್ಣು ಮುಚ್ಚಿ ಪ್ರಾರ್ಥಿಸಿ ಕಣ್ಣು ತೆರೆದಾಗ, ಮಾತೆಯ ಪ್ರತಿಮೆಯ ಮುಂದೆ ತನ್ನ ಮದುವೆಯ ಉಂಗುರ ಹೊಲಿಗೆ ದಾರದಲ್ಲಿ ನೇತಾಡುತ್ತಿತ್ತು, ಇನ್ನೊಂದು ತುದಿಯಲ್ಲಿ ಗಂಡನಿದ್ದರು. ಆ ಜಪಸರ ಒಂದು ಕಿರುಚಿನಲ್ಲಿ ನಿಂತಿತು. ಶೆರಿಲ್ ಅಡುಗೆಮನೆಯಿಂದ ಓಡಿಬಂದಳು, ಕೆಳಗಿನ ಮನೆಯವರು ಮೇಲೆ ಬಂದರು. ಈ ಮನೆಯಲ್ಲಿ ಒಂದೋ ಉಂಗುರ ತೂಗಬೇಕು, ಇಲ್ಲ ತಾನಿರಬೇಕು, ಎಂದು ಮಗ್ದಲೀನ್ ಬಾಯಿ ಎಲ್ಲರ ಸಮಕ್ಷಮ ತೀರ್ಪು ಕೊಟ್ಟರು.

ಹಾಗಾಗಿ ಉಂಗುರ ಬಂದರಿಗೆ ಹೋಯಿತು. ಒಬ್ಬ ಮನುಷ್ಯನಿಗೆ ಓದಲಿಕ್ಕೆ ಜಾಗ ಇಲ್ಲ ಎಂದರೆ ಮೂಸಬ್ಬರ ಮನಸ್ಸು ತಡೆಯುತ್ತಿರಲಿಲ್ಲ. ಗೋಡೌನಿನ ಹಿಂದಿನ ಕೋಣೆಯಲ್ಲಿ ಪ್ಲೈವುಡ್ ಶೀಟುಗಳ ನಡುವೆ ಒಂದು ಮೇಜು, ಎರಡು ಕುರ್ಚಿ ಹಾಕಿಸಿಕೊಟ್ಟು, "ಇದು ರೀಡಿಂಗ್ ರೂಮ್. ಒಳಗೆ ನೀವು ಎಂತ ಮಾಡ್ತೀರಿ ನಾನು ನೋಡುವುದಿಲ್ಲ," ಎಂದು ಹೊರಗಿನಿಂದ ಬಾಗಿಲು ಎಳೆದುಕೊಂಡರು.

ಆ ಬಾಗಿಲನ್ನು ಮೊದಲು ತಟ್ಟಿದವರು ಲಯನೆಲ್ ಗುರ್ಕಾರರು. ಅವರು ಬಂದದ್ದು ಬೈಯಲಿಕ್ಕೆ. ಬೈದರು ಕೂಡಾ, ರೋಸು ಹಾಳಾದದ್ದು, ವಾರ್ಡಿನ ಹೆಸರು ಹಾಳಾದದ್ದು, ಪಾದ್ರಿಗಳ ಮುಖಕ್ಕೆ ಮುಖ ಕೊಡಲಿಕ್ಕೆ ಆಗದೆ ಹೋದದ್ದು, ಎಲ್ಲವನ್ನೂ ಹೇಳಿದರು. ಹೇಳಿ ಮುಗಿದ ಮೇಲೆ ಎದ್ದು ಹೋಗಲಿಲ್ಲ. ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡಿ ಬಂದು, ಮುಂದಿನ ಸಲವೂ ತಾನೇ ಗುರ್ಕಾರನಾಗಬಹುದಾ ಎಂದು ಒಂದು ಸಲ ಉಂಗುರದ ಹತ್ತಿರ ಕೇಳಬಹುದಾ, ಸುಮ್ಮನೆ ಕೇಳುವುದು, ನಂಬುವುದಿಲ್ಲ, ಎಂದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಗಾಳಿ ಎಂಬುದು ಇರಲಿಲ್ಲ. ಯೂಸ್ಟೇಸರ ಕೈ ಭಯಕ್ಕೆ ಹಿಂದಕ್ಕೂ ಮುಂದಕ್ಕೂ ನಡುಗಿತು. ಉಂಗುರ ನೇರ ತೂಗಿತು. ಹೌದು.

ಗುರ್ಕಾರರು ಇದನ್ನು ಯಾರಿಗೂ ಹೇಳಬಾರದೆಂದು ಎಲ್ಲರಿಗೂ ಹೇಳಿದರು. ಪಿಯುಸ್ ಬಂದು ಲಾ ಪರೀಕ್ಷೆ ಪಾಸಾಗುತ್ತದಾ ಎಂದರು, ಆಗುತ್ತದೆ. ಮೊಮ್ಮಗು ಆಗುತ್ತದಾ, ಆಗುತ್ತದೆ. ಉಳ್ಳಾಲದ ಜಾಗದ ಖಾತೆ ಆಗುತ್ತದಾ, ಆಗುತ್ತದೆ. ರೋಸಿನಲ್ಲಿ ಶಿಲುಬೆಯ ಗುರುತು ಹಾಕಿಕೊಂಡವರೆಲ್ಲ ಒಬ್ಬೊಬ್ಬರಾಗಿ, ಇನ್ನೊಬ್ಬರು ಇಲ್ಲದ ಹೊತ್ತು ನೋಡಿ, ಪ್ಲೈವುಡ್ ಕೊಳ್ಳುವ ನೆಪದಲ್ಲಿ ಬಂದರು. ಇಗರ್ಜಿಯಲ್ಲಿ ಎದುರು ಸಿಕ್ಕರೆ ಬೆಚ್ಚಿ ಮುಖ ತಿರುಗಿಸುವುದನ್ನು ಮಾತ್ರ ಅವರು ನಿಷ್ಠೆಯಿಂದ ಮುಂದುವರಿಸಿದರು. ಯೂಸ್ಟೇಸರ ಹೆಸರನ್ನು ಬಾಯಲ್ಲಿ ತರಲಿಕ್ಕೆ ಯಾರಿಗೂ ಧೈರ್ಯವಿರಲಿಲ್ಲ. "ಬಂದರಿನ ಪ್ಲೈವುಡ್ ಪೊರ್ಬುಗಳು" ಎಂದೇ ಸುದ್ದಿ ಊರು ದಾಟಿತು. ಕೋಣೆಯ ಸೆಕೆಗೆ ಗಿರಾಕಿಗಳು ಬೆವರುವುದು ಕಂಡು ಮೂಸಬ್ಬ, ತಾನು ಏನನ್ನೂ ನೋಡದೆಯೇ, ಒಂದು ದೊಡ್ಡ ಸ್ಟ್ಯಾಂಡ್ ಫ್ಯಾನು ತಂದಿಟ್ಟರು.

ಆ ಫ್ಯಾನಿನ ಮೊದಲ ದಿನ ಬಂದದ್ದು ಒಬ್ಬ ಹೆಂಗಸು. ತಲೆಗೆ ಶಾಲು, ಬಾಯಿಗೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ. ಎಪ್ರಿಲ್ ತಿಂಗಳ ಬಂದರಿನಲ್ಲಿ ಹಾಗೆ ಸುತ್ತಿಕೊಂಡು ಬಂದವರು ನಿಂತಲ್ಲೇ ಕರಗುತ್ತಿದ್ದರು. ಯೂಸ್ಟೇಸರು ಸಜ್ಜನರು. ಎದ್ದು ಫ್ಯಾನು ಹಾಕಿ, ಅವರ ಕಡೆಗೆ ತಿರುಗಿಸಿದರು.

ನನ್ನ ಹೆಸರು ನಿಮಗೆ ಬೇಡ, ನಿಮ್ಮ ಹೆಸರು ನನಗೆ ಬೇಡ, ಎಂದು ಆ ಹೆಂಗಸು ಮೊದಲೇ ಷರತ್ತು ಹಾಕಿದರು. ಮಗನಿಗೊಂದು ಸಂಬಂಧ ಬಂದಿದೆ. ಹುಡುಗಿ ಒಳ್ಳೆಯವಳು, ತಾಯಿಯೂ ಒಳ್ಳೆಯವರು. ಆದರೆ ತಂದೆಯ ವಿಷಯದಲ್ಲಿ ಒಂದು ಸಣ್ಣ ಸಂಶಯ ಉಂಟು.

"ಗಲ್ಫಿನಿಂದ ಬಂದ ಮೇಲೆ ಆ ಜನದ ತಲೆ ಸರಿ ಇಲ್ಲ ಅಂತ ಸುದ್ದಿ. ಯಾವುದೋ ರೋಸಿನಲ್ಲಿ ಎಂತದೋ ಹೇಳಿದರಂತೆ. ಎಂತ ಹೇಳಿದ್ದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಶಿಲುಬೆಯ ಗುರುತು ಹಾಕ್ತಾರೆ."

ಯೂಸ್ಟೇಸರು ಲೊಚಗುಟ್ಟಿದರು. ಇದನ್ನು ಎಲ್ಲೋ ಕೇಳಿದ ಹಾಗೆ ಅವರಿಗೆ ಒಮ್ಮೆ ಅನ್ನಿಸಿತು. ಆದರೆ ಗಲ್ಫಿನಿಂದ ಬಂದು ತಲೆ ಕೆಟ್ಟವರು ಈ ಊರಿನಲ್ಲಿ ಒಬ್ಬರೇ, ಇಬ್ಬರೇ? "ರೋಸಿನಲ್ಲಾ? ಮದುಮಗಳ ಎದುರು?" ಎಂದರು ಮರುಕದಿಂದ.

"ಅದೇ ನೋಡಿ."

"ಹುಡುಗಿಯ ಹೆಸರು?"

ಮನೆಯಲ್ಲಿ ಕರೆಯುವ ಹೆಸರು ಹೇಳಿದರೆ ಯಾರೆಂದು ಗೊತ್ತಾಗಿಬಿಡುತ್ತದೆ, ಇಗರ್ಜಿಯಲ್ಲಿ ಇಟ್ಟ ಹೆಸರು ಮಾತ್ರ ಹೇಳ್ತೇನೆ, ಎಂದು ಆ ಜಾಣೆ ಹೇಳಿದರು. ಕಾರ್ಮಿನ್ ಫ್ಲೋರಿನ್. ಅವರಲ್ಲಿ ಮೊದಲ ಮಗಳಿಗೆ ತಂದೆಯ ತಾಯಿಯ ಹೆಸರು, ಎರಡನೆಯವಳಿಗೆ ತಾಯಿಯ ತಾಯಿಯ ಹೆಸರು ಎಂದು ಜ್ಞಾನಸ್ನಾನದಲ್ಲಿ ಇಡುವುದು ಕ್ರಮ. ಆ ಹೆಸರು ಇಗರ್ಜಿಯಲ್ಲೇ ಉಳಿದು, ಮದುವೆಯ ಪ್ರಕಟಣೆಯ ದಿನವಷ್ಟೇ ಹೊರಗೆ ಬರುತ್ತದೆ. ಇದು ಎರಡನೆಯ ಮಗಳ ಹೆಸರು, ಇಗರ್ಜಿಯ ಪುಸ್ತಕ ನೋಡಿ ತಿಳಿದುಕೊಂಡದ್ದು, ಎಂದು ಆ ಹೆಂಗಸು ವಿವರಿಸಿದರು. ಯೂಸ್ಟೇಸರು ಕಣ್ಣು ಮುಚ್ಚಿ, ಕಾರ್ಮಿನ್ ಫ್ಲೋರಿನ್ ಎಂದು ಗಂಭೀರವಾಗಿ ಉಚ್ಚರಿಸಿ, ಈ ಸಂಬಂಧ ಆಗಬಹುದಾ, ಎಂದು ಕೇಳಿದರು.

ಫ್ಯಾನಿನ ಗಾಳಿ ಪ್ಲೈವುಡ್ಡಿಗೆ ಬಡಿದು ತಿರುಗಿ ಬಂತು. ಉಂಗುರ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು, ಆಮೇಲೆ ನಿಲ್ಲಲೇ ಇಲ್ಲ. ಅಲ್ಲ. ಅವರ ವೃತ್ತಿಯ ಮೊದಲನೆಯ ಅಲ್ಲ. ಯೂಸ್ಟೇಸರು ಸ್ವತಃ ಬೆಚ್ಚಿಬಿದ್ದರು. ಇಷ್ಟು ರಭಸದ ಉತ್ತರಕ್ಕೆ ಎರಡು ಮಾತು ಸೇರಿಸದಿದ್ದರೆ ವಿದ್ಯೆಗೆ ಅವಮಾನವೆಂದು, ತಾನು ಗಲ್ಫಿನಲ್ಲಿ ಮುಗಿಸಿದ್ದ ಮನುಷ್ಯ ಸ್ವಭಾವವನ್ನು ಹೊರಗೆ ತೆಗೆದರು.

"ಹುಡುಗಿಯದ್ದು ತಪ್ಪಿಲ್ಲ. ಆದರೆ ಆ ತಂದೆ ಅಪಾಯ. ಅಂಥವರ ಮನೆಯಿಂದ ಹೆಣ್ಣು ತರುವುದು ಇರಲಿ, ಚಹಾ ಕುಡಿಯಲಿಕ್ಕೂ ಹೋಗಬಾರದು."

ಬುಧವಾರ ರೂಬನ್‌ನ ಮನೆಯಿಂದ ಫೋನು ಬಂತು. ಈ ಭಾನುವಾರ ಬರುವುದಿಲ್ಲ. ಸದ್ಯಕ್ಕೆ ಈ ವಿಷಯ ಬೇಡ.

ಮಗ್ದಲೀನ್ ಬಾಯಿ ಫೋನು ಕೈಯಲ್ಲಿ ಹಿಡಿದು ಕುರ್ಚಿ ಇಲ್ಲದ ಕಡೆ ಕೂರಲು ಹೋದರು. ಶೆರಿಲ್ ಅಳಲಿಲ್ಲ. ಇಸ್ತ್ರಿಪೆಟ್ಟಿಗೆ ತೆಗೆದು, ಇಸ್ತ್ರಿ ಹಾಕಿಟ್ಟಿದ್ದ ಬಟ್ಟೆಗಳನ್ನೆಲ್ಲ ತೆಗೆದು ಮತ್ತೆ ಇಸ್ತ್ರಿ ಹಾಕಲು ನಿಂತಳು. ರೂಬನ್ ಮತ್ತು ಅವಳು ಒಂದೇ ಆಸ್ಪತ್ರೆಯಲ್ಲಿ ಫಿಸಿಯೋಗಳು. ಮೂರು ವರ್ಷದಿಂದ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ತಂದೆ ಹತ್ತಿರ ಬಂದಾಗ ಅವಳು ತಲೆ ಎತ್ತದೆ ಹೇಳಿದಳು:

"ಡ್ಯಾಡಿ, ನೀವು ಬಹ್ರೈನಿನಲ್ಲೇ ಇರಬೇಕಿತ್ತು."

ಯೂಸ್ಟೇಸರು ಹೋಗಿ ಡೈನಿಂಗ್ ಟೇಬಲ್ಲಿನ ಮುಂದೆ ಕೂತರು. ತನ್ನಿಂದ ಈಗ ಈ ಮನೆಗೆ ಆಗಬಹುದಾದ ಉಪಕಾರ ಒಂದೇ ಎಂದು ಅವರಿಗೆ ಕಂಡಿತು. ಜೇಬಿನಿಂದ ಉಂಗುರ ತೆಗೆದರು. ಮಗಳ ಮದುವೆ ಆಗುತ್ತದಾ ಇಲ್ಲವಾ, ಅದನ್ನು ಕೇಳಿಬಿಡುವುದು. ಮಗ್ದಲೀನ್ ಬಾಯಿಗೆ ತಡೆಯುವ ತ್ರಾಣವೂ ಉಳಿದಿರಲಿಲ್ಲ. ಆದರೆ ಪ್ರಶ್ನೆ ಕೇಳುವುದಕ್ಕೆ ಇಗರ್ಜಿಯ ಹೆಸರು ಬೇಕು ಎಂಬುದು ಯೂಸ್ಟೇಸರಿಗೆ ಮೊನ್ನೆಯ ಗಿರಾಕಿಯಿಂದ ತಿಳಿದಿತ್ತು. ಶೆರಿಲ್ ಹುಟ್ಟಿದಾಗ, ಅವಳಿಗೆ ಜ್ಞಾನಸ್ನಾನವಾದಾಗ ಅವರು ಬಹ್ರೈನಿನಲ್ಲಿದ್ದರು. ಅವರಿಗೆ ಅವಳು ಯಾವತ್ತೂ ಶೆರಿಲ್ ಮಾತ್ರ.

"ಅವಳಿಗೆ ಇಗರ್ಜಿಯಲ್ಲಿ ಇಟ್ಟ ಹೆಸರು ಎಂತ?" ಎಂದರು.

"ನನ್ನ ಮಾಂಯ್‌ನ ಹೆಸರು," ಎಂದರು ಮಗ್ದಲೀನ್ ಬಾಯಿ ನೆಲ ನೋಡುತ್ತಾ.

ಹೆಂಡತಿಯ ತಾಯಿಯನ್ನು, ಅವರು ಸಾಯುವವರೆಗೂ, ಯೂಸ್ಟೇಸರು ಕೂಡಾ ಮಾಂಯ್, ಅಮ್ಮ, ಎಂದೇ ಕರೆದದ್ದು. ಅವರಿಗೊಂದು ಹೆಸರು ಇರಬಹುದೆಂದು ಯಾವತ್ತೂ ಹೊಳೆದಿರಲಿಲ್ಲ. "ಅಂದರೆ?"

"ಕಾರ್ಮಿನ್ ಫ್ಲೋರಿನ್."

ಉಂಗುರ ಟೇಬಲ್ಲಿನ ಗಾಜಿನ ಮೇಲೆ ಬಿದ್ದು ಉರುಳಿತು. ಯೂಸ್ಟೇಸರ ಮುಖ ನೋಡಿದ ಹೆಂಡತಿಗೆ ಒಂದು ಕ್ಷಣ ಇವರಿಗೆ ಹಾರ್ಟ್ ಅಟ್ಯಾಕ್ ಆಯಿತು ಎಂದೇ ಅನ್ನಿಸಿತು. ಶೆರಿಲ್ ಇಸ್ತ್ರಿಪೆಟ್ಟಿಗೆ ಬಿಟ್ಟು ಬಂದು ನಾಡಿ ಹಿಡಿದಳು. ನಾಡಿ ಇತ್ತು. ಉಳಿದದ್ದು ಯಾವುದೂ ಇರಲಿಲ್ಲ. ಗಲ್ಫಿನಿಂದ ಬಂದ ತಂದೆ. ತಲೆ ಸರಿ ಇಲ್ಲ. ರೋಸು. ಚಹಾ ಕುಡಿಯಲಿಕ್ಕೂ ಹೋಗಬಾರದು. ತನ್ನದೇ ಬಾಯಿ, ತನ್ನದೇ ಮನೆ.

ನಡೆದದ್ದನ್ನು ಹೆಂಡತಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ. ಎದುರು ಮನೆಯ ಬಾಗಿಲು ತಟ್ಟಿ ಮೂಸಬ್ಬರಿಗೆ ಹೇಳಿದರು. ಮೂಸಬ್ಬ ಇಡೀ ಕಥೆ ಕೇಳಿದರು. ತಲೆಯ ಮೇಲೆ ಕೈ ಹೊತ್ತು ಒಂದೇ ಮಾತು ಹೇಳಿದರು.

"ನಾನು ಹೇಳಿದ್ದೆ ಪೊರ್ಬುಲೆ. ನೀವು ಬಿಟ್ಟದ್ದೇ ಆ ಎರಡು ಸಬ್ಜೆಕ್ಟ್. ಗಾಳಿ, ಮತ್ತೆ ಮನೆಯವರು."

ಸೆವ್ರಿನ್ ಬಾಯಿ ಪ್ರತಿ ಗುರುವಾರ ಬಿಕರ್ನಕಟ್ಟೆಗೆ ಬಾಲ ಯೇಸುವಿನ ದರ್ಶನಕ್ಕೆ ಹೋಗುತ್ತಾರೆ ಎಂಬುದನ್ನು ಮಗ್ದಲೀನ್ ಬಾಯಿ ಹೊಗಳಿ ಹೊಗಳಿ ಯಾವಾಗಲೋ ಹೇಳಿದ್ದರು. ಗುರುವಾರ ಮೂಸಬ್ಬರ ಕಾರು ಯೂಸ್ಟೇಸರನ್ನು ಹೊತ್ತುಕೊಂಡು ಅಲ್ಲಿಗೆ ಹೋಯಿತು. ಅಷ್ಟು ಭಕ್ತರ ನಡುವೆ ಶಾಲು, ಮಾಸ್ಕು, ಕನ್ನಡಕ ಇಲ್ಲದ ಮುಖವೊಂದನ್ನು ಗುರುತಿಸುವುದು ಹೇಗೆ ಎಂದು ಅವರು ಚಿಂತಿಸುತ್ತಾ ಮೇಣದಬತ್ತಿ ಉರಿಸುವ ಜಾಗದಲ್ಲಿ ನಿಂತಿದ್ದರು. ಆ ಚಿಂತೆ ಬೇಕಾಗಲಿಲ್ಲ. ಒಬ್ಬ ಹೆಂಗಸು ಅವರನ್ನು ಕಂಡೊಡನೆ ಉರಿಯುವ ಬತ್ತಿಯನ್ನು ತಲೆಕೆಳಗಾಗಿ ಹಿಡಿದರು.

"ದೇವಾ," ಎಂದರು ಸೆವ್ರಿನ್ ಬಾಯಿ ಪಿಸುದನಿಯಲ್ಲಿ. "ನೀವು ಇಲ್ಲಿಗೂ ಬರ್ತೀರಾ? ನಾನು ನಿಮ್ಮಲ್ಲಿಗೆ ಬಂದದ್ದು ಸಂಘಟನೆಯವರಿಗೆ ಗೊತ್ತಾದರೆ ನಾನು ತೀರಿದೆ."

ಯೂಸ್ಟೇಸರು ಬರುವ ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿದ್ದರು. ಅದರಲ್ಲಿ ಹೊರಗೆ ಬಂದದ್ದು ಕೊನೆಯ ಸಾಲು ಮಾತ್ರ: "ಅವತ್ತು ಫ್ಯಾನ್ ಹಾಕಿತ್ತು."

ಸೆವ್ರಿನ್ ಬಾಯಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಮುಖದ ಮೇಲೆ ಆಶೆಯೂ ಸಿಟ್ಟೂ ಒಟ್ಟಿಗೆ ಬಂದವು. ಮಗ ಎರಡು ದಿನದಿಂದ ಮನೆಯಲ್ಲಿ ಊಟ ಬಿಟ್ಟಿದ್ದಾನೆ, ತಾಯಿಯ ಜೊತೆ ಮಾತು ಬಿಟ್ಟಿದ್ದಾನೆ. ಫ್ಯಾನಿನಿಂದ ಇಷ್ಟೆಲ್ಲ ಆದದ್ದಾದರೆ ಫ್ಯಾನ್ ಇಲ್ಲದೆ ಇನ್ನೊಮ್ಮೆ ನೋಡಬೇಕು, ಈಗಲೇ ನೋಡಬೇಕು, ಎಂದು ಹಟ ಹಿಡಿದರು. ಬಿಕರ್ನಕಟ್ಟೆಯ ಏರಿನ ಮೇಲೆ ಗಾಳಿಯಿಲ್ಲದ ಜಾಗ ಎಲ್ಲಿಂದ ತರುವುದು? ಕೊನೆಗೆ ಮೂವರೂ ಮೂಸಬ್ಬರ ಕಾರಿನೊಳಗೆ ಕೂತರು. ಗಾಜು ಏರಿಸಿದರು. ಏಸಿ ಆರಿಸಿದರು. ಮೂಸಬ್ಬ ಸ್ಟಿಯರಿಂಗ್ ಹಿಡಿದು, ತಾನು ಏನನ್ನೂ ನೋಡುವುದಿಲ್ಲವೆಂದು ಎದುರಿನ ಗೋಡೆಯನ್ನು ದಿಟ್ಟಿಸಿದರು. ಹಿಂದಿನ ಸೀಟಿನಲ್ಲಿ ಯೂಸ್ಟೇಸರು ದಾರ ಇಳಿಬಿಟ್ಟರು.

ಉಂಗುರ ತೂಗಲೂ ಇಲ್ಲ, ಸುತ್ತಲೂ ಇಲ್ಲ. ಆವತ್ತು ಅವರ ಕೈ ನಡುಗುತ್ತಲೇ ಇರಲಿಲ್ಲ. ಭಯಪಡಲಿಕ್ಕೆ ಇನ್ನು ಯಾವುದೂ ಉಳಿದಿಲ್ಲದ ಮನುಷ್ಯನ ಕೈ ಅದು.

"ಉಂಗುರವೇ ಸರಿ ಇಲ್ಲ," ಎಂದು ಸೆವ್ರಿನ್ ಬಾಯಿ ಅದನ್ನು ಕಿತ್ತುಕೊಂಡರು. ಬೆವರು ಒರೆಸಿ, ಓದುವ ಕನ್ನಡಕ ಹಾಕಿ, ತಿರುಗಿಸಿ ನೋಡಿದರು. ಮದುವೆಯ ಉಂಗುರದ ಒಳಬದಿಯಲ್ಲಿ ಹೆಂಡತಿಯದ್ದಕ್ಕೆ ಗಂಡನ ಹೆಸರು, ಗಂಡನದ್ದಕ್ಕೆ ಹೆಂಡತಿಯ ಹೆಸರು ಕೊರೆಸುವುದು ಅವರಲ್ಲಿ ರೂಢಿ. ಸೆವ್ರಿನ್ ಬಾಯಿ ಅದನ್ನು ಓದಿದರು. ಯೂಸ್ಟೇಸ್. ಅವರ ಕಣ್ಣು ನಿಧಾನಕ್ಕೆ ಯೂಸ್ಟೇಸರ ಬೆರಳಿಗೆ ಹೋಯಿತು. ಬಿಡಿಸಲಾಗದಂತೆ ಸಿಕ್ಕಿಕೊಂಡಿದ್ದ ಜೋಡಿ ಉಂಗುರ ಅಲ್ಲಿತ್ತು.

"ಇದು ಯಾರ ಉಂಗುರ?"

"ಮಗ್ದಲೀನ್‌ದು. ನನ್ನ ಹೆಂಡತಿ."

ಮೂಸಬ್ಬ ಗೋಡೆಯನ್ನು ಇನ್ನಷ್ಟು ಬಿಗಿಯಾಗಿ ನೋಡಿದರು.

"ಅಂದರೆ ನೀವೇ ಆ..." ಸೆವ್ರಿನ್ ಬಾಯಿ ಉಂಗುರವನ್ನು ಅವರ ಮೂಗಿನ ಹತ್ತಿರ ಹಿಡಿದರು. "ನಿಮ್ಮ ಮಗಳ ಹೆಸರು ನಿಮಗೆ ಗೊತ್ತಿಲ್ಲವಾ?"

"ಅವತ್ತು ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯಿತು," ಎಂದರು ಯೂಸ್ಟೇಸರು. "ಬಾಯಿ, ತಲೆ ಸರಿ ಇಲ್ಲದ್ದು ನನ್ನದೇ. ಅದು ಅವಳಿಗೆ ಬಂದಿಲ್ಲ. ಬರಲಿಕ್ಕೆ ಅವಳು ನನ್ನ ಹತ್ತಿರ ಇದ್ದದ್ದು ಯಾವಾಗ?"

ಅಷ್ಟರಲ್ಲಿ ಕಾರಿನ ಗಾಜಿಗೆ ಯಾರೋ ಮೂಗು ಒತ್ತಿದರು. ಲಯನೆಲ್ ಗುರ್ಕಾರರು. ನೊವೆನಾ ಪ್ರಾರ್ಥನೆಗೆ ಬಂದವರು, ಏಸಿ ಆರಿಸಿದ ಮುಚ್ಚಿದ ಕಾರಿನಲ್ಲಿ ಒಬ್ಬ ಬ್ಯಾರಿ, ಒಬ್ಬ ಮಾಟಗಾರ, ಒಬ್ಬ ಮಹಿಳಾ ಸಂಘಟನೆಯ ಅಧ್ಯಕ್ಷೆ ಬೆವರಲ್ಲಿ ತೋಯ್ದು ಕೂತಿರುವುದನ್ನು ಕಂಡು ಅಲ್ಲೇ ಅಂಟಿಕೊಂಡಿದ್ದರು. ಅವರ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. ಅದು ಎದೆಗೆ ಇಳಿಯುವುದರೊಳಗೆ ಸೆವ್ರಿನ್ ಬಾಯಿ ಉಂಗುರವನ್ನು ಮುಷ್ಟಿಯಲ್ಲಿ ಮುಚ್ಚಿ, ಗಾಜು ಇಳಿಸಿ, ಸಂಘಟನೆಯ ಸಭೆಯಲ್ಲಿ ಠರಾವು ಓದುವ ದನಿಯಲ್ಲಿ ಹೇಳಿದರು.

"ಸಂಬಂಧದ ಮಾತು ನಡೀತಾ ಉಂಟು ಗುರ್ಕಾರರೇ. ನನ್ನ ಮಗನಿಗೆ ಇವರ ಮಗಳನ್ನು. ಭಾನುವಾರ ಇವರ ಮನೆಗೆ ಹೋಗ್ತಾ ಇದ್ದೇವೆ. ಯಾರಿಗೂ ಹೇಳಬೇಡಿ."

ಹೀಗೆ ಹೇಳಿದ ಮೇಲೆ ಅದು ಯಾರಿಗೂ ಗೊತ್ತಾಗದೆ ಉಳಿಯುವ ಸಂಭವವೇ ಇರಲಿಲ್ಲ. ಸಂಜೆಯೊಳಗೆ ಮಗ್ದಲೀನ್ ಬಾಯಿಗೆ ಅಭಿನಂದನೆಯ ಫೋನುಗಳು ಬರತೊಡಗಿದವು. ಅವುಗಳಲ್ಲಿ ಕಾರಿನ ಸುದ್ದಿ ಮಾತ್ರ ಇರಲಿಲ್ಲ, ಸಂಘಟನೆಯ ಅಧ್ಯಕ್ಷೆಯ ಹೆಸರನ್ನು ಮಾಟಗಾರನ ಜೊತೆ ಸೇರಿಸುವಷ್ಟು ಧೈರ್ಯ ಗುರ್ಕಾರರಿಗೆ ಇರಲಿಲ್ಲ. ಅವರು ಒಂದೊಂದು ಫೋನಿಗೂ ಹೊಸದಾಗಿ ಬೆಚ್ಚಿದರು.

ಭಾನುವಾರ ರೂಬನ್‌ನ ಮನೆಯವರು ಬಂದರು. ಯೂಸ್ಟೇಸರು ಮತ್ತು ಸೆವ್ರಿನ್ ಬಾಯಿ ಜನ್ಮದಲ್ಲಿ ಮೊದಲ ಸಲ ಕಂಡವರ ಹಾಗೆ ಕೈ ಮುಗಿದರು. ಶೆರಿಲ್ ಚಹಾ ತಂದಳು. ಸೆವ್ರಿನ್ ಬಾಯಿ ಕಪ್ಪು ಕೈಯಲ್ಲಿ ಹಿಡಿದು, ಈ ಮನೆಯಲ್ಲಿ ಚಹಾ ಕುಡಿಯಬಹುದಾ, ಎಂದು ನಗದೆ ಕೇಳಿದರು. ಕುಡಿಯಬಹುದು, ಎಂದು ಯೂಸ್ಟೇಸರು ತಲೆ ತಗ್ಗಿಸಿ ಹೇಳಿದರು. ಇದೆಂಥ ಪ್ರಶ್ನೆ, ಇದೆಂಥ ಉತ್ತರ, ಎಂದು ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಸಾಲದೆಂಬಂತೆ, ಒಳಗುಟ್ಟು ಯಾವುದೂ ಗೊತ್ತಿಲ್ಲದ ರೂಬನ್‌ನ ತಂದೆ, ಮಾತಿಗೆ ಮಾತು ಬೇಕಲ್ಲ ಎಂದು, ಯೂಸ್ಟೇಸರ ಕಡೆಗೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಈಗ ಎಂತ ಮಾಡ್ತಾ ಇದ್ದೀರಿ?

ಮಗ್ದಲೀನ್ ಬಾಯಿ ಟ್ರೇ ಹಿಡಿದುಕೊಂಡೇ ದೇವರ ಪೀಠದ ಕಡೆಗೆ ತಿರುಗಿದರು. ಶೆರಿಲ್ ಕಣ್ಣು ಮುಚ್ಚಿಕೊಂಡಳು.

"ಬಿಟ್ಟುಹೋದ ಒಂದೆರಡು ಸಬ್ಜೆಕ್ಟ್ ಇತ್ತು," ಎಂದರು ಯೂಸ್ಟೇಸರು. "ಅದನ್ನು ಓದ್ತಾ ಇದ್ದೇನೆ. ಮೊದಲಿಗೆ ಮನೆಯವರ ಹೆಸರು. ಕಾರ್ಮಿನ್ ಫ್ಲೋರಿನ್, ಬಾಯಿಪಾಠ ಆಗಿದೆ."

ಇಗರ್ಜಿಯ ಹೊರಗೆ ಯಾವತ್ತೂ ಕೇಳದ ಹೆಸರನ್ನು ತಂದೆಯ ಬಾಯಲ್ಲಿ ಕೇಳಿ ಶೆರಿಲ್ ಕಣ್ಣು ತೆರೆದಳು. ಇಸ್ತ್ರಿ ಹಾಕಿದ ದಿನದಿಂದ ಮೊದಲ ಬಾರಿಗೆ ಅವರ ಮುಖವನ್ನು ನೋಡಿದಳು.

ರೂಬನ್‌ನ ತಂದೆ ಗಂಟಲು ಸರಿಮಾಡಿ, ಹಾಗಾದರೆ ಈ ಸಂಬಂಧ ಆಗಬಹುದಲ್ಲ, ಎಂದು ಹೆಂಡತಿಯನ್ನು ಕೇಳಿದರು. ಎಲ್ಲರೂ ಸೆವ್ರಿನ್ ಬಾಯಿಯ ಬಾಯಿ ನೋಡಿದರು. ಸೆವ್ರಿನ್ ಬಾಯಿ ಬಾಯಿ ತೆರೆದರು, ಆದರೆ ಉತ್ತರ ಕೊಡಲಿಲ್ಲ. ಅವರ ದೃಷ್ಟಿ ಮೆಲ್ಲನೆ ಮೇಲೆ ಹೋಗಿ ಸೂರಿನಲ್ಲಿ ನಿಂತಿತು.

ಯೂಸ್ಟೇಸರು ಎದ್ದರು. ಗೋಡೆಯ ಹತ್ತಿರ ಹೋಗಿ ಫ್ಯಾನು ಆರಿಸಿದರು. ರೆಕ್ಕೆಗಳು ಪೂರ್ತಿ ನಿಲ್ಲುವವರೆಗೂ ಸೆವ್ರಿನ್ ಬಾಯಿ ಕಾದರು. ಎಪ್ರಿಲ್ ಮಧ್ಯಾಹ್ನದ ಸೆಕೆ ಹಾಲಿನೊಳಗೆ ಬಂದು ಎಲ್ಲರ ನಡುವೆ ಕೂತಿತು.

"ಆಗಬಹುದು," ಎಂದರು ಅವರು.

ಬೀಗರು ಬೆವರುವುದು ನೋಡಲಾರದೆ, ಇನ್ನೂ ಏನೂ ಅರ್ಥವಾಗದೆ, ಮಗ್ದಲೀನ್ ಬಾಯಿ ಓಡಿಹೋಗಿ ಸ್ವಿಚ್ಚಿಗೆ ಕೈ ಹಾಕಿದರು.

"ಬೇಡ," ಎಂದು ಇಬ್ಬರು ಒಟ್ಟಿಗೆ, ಒಂದೇ ದನಿಯಲ್ಲಿ ಹೇಳಿದರು. ಮಗ್ದಲೀನ್ ಬಾಯಿ ಕೈ ಹಾಗೆಯೇ ಸ್ವಿಚ್ಚಿನ ಮೇಲೆ ಇಟ್ಟು, ಇವತ್ತಷ್ಟೇ ಒಬ್ಬರನ್ನೊಬ್ಬರು ಮೊದಲ ಸಲ ಕಂಡ ತನ್ನ ಗಂಡನನ್ನೂ ಬೀಗಿತ್ತಿಯನ್ನೂ ಬಾಯಿ ತೆರೆದು ನೋಡುತ್ತಾ ನಿಂತರು.